ಕಾಯಿಸಿದರೂ ತಿಳಿನೀರು ಹಾಲಾಗದಿದ್ದರೆ: ಕಾರ್ಬೊನೇಟ್ ಪ್ರಯೋಗದ ದೋಷ ನಿವಾರಣೆ

ಕೊಪ್ಪಳ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಹತ್ತನೆಯ ತರಗತಿಯ ಹುಡುಗಿಯೊಬ್ಬಳ ಪ್ರಯೋಗ ಪುಸ್ತಕ ತಿದ್ದುವಾಗ ‘ಸುಣ್ಣದ ತಿಳಿನೀರು ಹಾಲಿನ ಬಣ್ಣಕ್ಕೆ ತಿರುಗಿತು’ ಎಂಬ ಸಾಲು ಕಣ್ಣಿಗೆ ಬಿತ್ತು. ಅವಳ ಪ್ರನಾಳ ಇನ್ನೂ ಮೇಜಿನ ಮೇಲೆಯೇ ಇತ್ತು. ಅದರಲ್ಲಿನ ನೀರು ಕನ್ನಡಿಯಂತೆ ತಿಳಿಯಾಗಿತ್ತು. ಕೇಳಿದರೆ, “ಸರ್, ಪಾಠದಲ್ಲಿ ಹಾಗೆಯೇ ಇದೆ” ಎಂದಳು. ತಪ್ಪು ಅವಳದಾಗಿರಲಿಲ್ಲ. ಪ್ರಯೋಗ ಕೈಕೊಟ್ಟಾಗ ಎಲ್ಲಿ ಹುಡುಕಬೇಕೆಂದು ನಾನು ಹೇಳಿಕೊಟ್ಟಿರಲಿಲ್ಲ. ಅಂದಿನಿಂದ ಕೆಟ್ಟ ಪ್ರಯೋಗಗಳನ್ನೆಲ್ಲ ಬರೆದಿಡುತ್ತ ಬಂದೆ. ರಾಯಚೂರು, ಬಳ್ಳಾರಿ, ಕೊಪ್ಪಳದ ಬಿಸಿಲಿನಲ್ಲಿ, ಕೊಳವೆಬಾವಿಯ ನೀರಿನಲ್ಲಿ ಈ ಪ್ರಯೋಗ ಮಾಡುವವರಿಗೆ ಆ ಟಿಪ್ಪಣಿಗಳು ನೆರವಾಗಬಹುದು.

ಆಗಬೇಕಾದದ್ದು ಇಷ್ಟು. ಲೋಹದ ಕಾರ್ಬೊನೇಟನ್ನು ಕಾಯಿಸಿದರೆ ಲೋಹದ ಆಕ್ಸೈಡ್ ತಳದಲ್ಲಿ ಉಳಿಯುತ್ತದೆ, ಕಾರ್ಬನ್ ಡೈಆಕ್ಸೈಡ್ ಹೊರಟುಹೋಗುತ್ತದೆ, ಪ್ರನಾಳದ ಬಿರಡೆಗೆ ಸಿಕ್ಕಿಸಿದ ನಳಿಕೆಯ ಮೂಲಕ ಹಾಯ್ದ ಆ ಅನಿಲ ಇನ್ನೊಂದು ಪ್ರನಾಳದಲ್ಲಿರುವ ಸುಣ್ಣದ ತಿಳಿನೀರನ್ನು ಹಾಲಾಗಿಸುತ್ತದೆ. ಆದರೆ ಎಲ್ಲ ಲೋಹಕ್ಕೂ ಒಂದೇ ಶಾಖ ಸಾಲದು. ಹಸಿರು ತಾಮ್ರದ ಕಾರ್ಬೊನೇಟ್ 200 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಒಡೆಯತೊಡಗಿ 300ರ ಒಳಗೇ ಮುಗಿಸುತ್ತದೆ. ಸತುವಿನದು 300ರ ಆಸುಪಾಸು. ಮೆಗ್ನೀಸಿಯಂ ಕಾರ್ಬೊನೇಟಿಗೆ ಅದಕ್ಕಿಂತ ಹೆಚ್ಚು ಬೇಕು. ಕ್ಯಾಲ್ಸಿಯಂ ಕಾರ್ಬೊನೇಟಿಗೆ, ಅಂದರೆ ಸುಣ್ಣದ ಕಲ್ಲಿಗೆ, ಸುಮಾರು 900 ಡಿಗ್ರಿ ಬೇಕು. ಸೋಡಿಯಂ ಕಾರ್ಬೊನೇಟ್ 851 ಡಿಗ್ರಿಯಲ್ಲಿ ಕರಗಿ ದ್ರವವಾಗುತ್ತದೆಯೇ ಹೊರತು ನಮ್ಮ ದೀಪಗಳ ಶಾಖಕ್ಕೆ ಒಡೆಯುವುದಿಲ್ಲ. ಲೋಹದ ಅಯಾನು, ಅಂದರೆ ವಿದ್ಯುದಾವೇಶ ಹೊತ್ತ ಕಣ, ಚಿಕ್ಕದಾಗಿ, ಅದರ ಮೇಲಿನ ಆವೇಶ ಹೆಚ್ಚಾದಷ್ಟೂ ಅದು ಕಾರ್ಬೊನೇಟ್ ಗುಂಪಿನ ಒಂದು ಆಮ್ಲಜನಕವನ್ನು ತನ್ನತ್ತ ಬಲವಾಗಿ ಎಳೆಯುತ್ತದೆ, ಗುಂಪು ಬೇಗ ಮುರಿಯುತ್ತದೆ. ಸೋಡಿಯಂನ ಎಳೆತ ತೀರ ಸಡಿಲ.

ಕೆಲಸಕ್ಕೆ ಮೊದಲು: ಎಲ್ಲರ ಕಣ್ಣಿಗೂ ರಕ್ಷಣಾ ಕನ್ನಡಕ ಇರಲಿ. ಪ್ರನಾಳದ ಬಾಯಿ ಯಾರ ಮುಖದ ಕಡೆಗೂ ಬೇಡ. ಸ್ಪಿರಿಟ್ ದೀಪವನ್ನು ಊದಿ ಆರಿಸಬೇಡಿ, ಮುಚ್ಚಳ ಹಾಕಿ ಆರಿಸಿ. ಬಿಸಿಯಿರುವಾಗ ಸ್ಪಿರಿಟ್ ತುಂಬಲೇಬೇಡಿ.

ಗುಳ್ಳೆ ಬರುತ್ತಿದೆ, ತಿಳಿನೀರು ಹಾಲಾಗುತ್ತಿಲ್ಲ

ಅತಿ ಹೆಚ್ಚು ಕೇಳಿಬರುವ ದೂರು ಇದೇ. ಮೊದಲು ಒಂದು ನಿಮಿಷ ಕಾಯಿರಿ. ಆರಂಭದಲ್ಲಿ ಬರುವ ಗುಳ್ಳೆಗಳು ಪ್ರನಾಳದೊಳಗಿನ ಗಾಳಿ ಹಿಗ್ಗಿ ಹೊರಬಂದವು. ಅವುಗಳಿಂದ ತಿಳಿನೀರು ಬದಲಾಗುವುದಿಲ್ಲ. ಮಕ್ಕಳು ಈ ಗುಳ್ಳೆಗಳನ್ನು ನೋಡಿಯೇ ದೀಪ ತೆಗೆದುಬಿಡುತ್ತಾರೆ.

ಕಾದರೂ ಹಾಲಾಗದಿದ್ದರೆ ಕಾರ್ಬೊನೇಟನ್ನು ಅನುಮಾನಿಸುವ ಮೊದಲು ತಿಳಿನೀರನ್ನು ಅನುಮಾನಿಸಿ. ಖರ್ಚಿಲ್ಲದ ಪರೀಕ್ಷೆ ನಮ್ಮ ಮನೆಯಲ್ಲೇ ಇದೆ. ಆರತಿಯ ನೀರಿಗೆ ಅರಿಶಿನ ಕದಡಿ ಸುಣ್ಣ ಹಾಕಿದಾಗ ಕೆಂಪಾಗುತ್ತದಲ್ಲ, ಅದೇ. ಅರಿಶಿನ ಹಚ್ಚಿದ ಕಾಗದದ ಮೇಲೆ ಒಂದು ಹನಿ ತಿಳಿನೀರು, ಪಕ್ಕದಲ್ಲಿ ಒಂದು ಹನಿ ಬರಿಯ ನೀರು ಬಿಡಿ. ತಿಳಿನೀರಿನ ಹನಿ ಕಡುಗೆಂಪಾದರೆ ಅದರಲ್ಲಿ ಸುಣ್ಣ ಇದೆ. ಎರಡೂ ಹಳದಿಯಾಗಿಯೇ ಉಳಿದರೆ ಶೀಶೆಯಲ್ಲಿರುವುದು ಹೆಸರಿಗೆ ಮಾತ್ರ ತಿಳಿನೀರು: ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡ್ ಸುಣ್ಣವನ್ನೆಲ್ಲ ಕ್ಯಾಲ್ಸಿಯಂ ಕಾರ್ಬೊನೇಟಾಗಿ ತಳಕ್ಕೆ ಇಳಿಸಿದೆ. ಮೇಲೆ ಕೆನೆಯಂಥ ಬಿಳಿ ಪೊರೆ ಕಟ್ಟಿದ ಶೀಶೆ ಕಂಡರೆ ಅದು ಆ ಹಾದಿಯಲ್ಲಿದೆ ಎಂದು ತಿಳಿಯಿರಿ.

ಎರಡನೆಯ ಪರೀಕ್ಷೆಗೆ ಸ್ವಲ್ಪ ಅಡುಗೆ ಸೋಡಾ ಮತ್ತು ನಿಂಬೆ ರಸ ಸಾಕು. ಅವು ಸೇರಿ ಉಕ್ಕುವ ಅನಿಲವನ್ನು ನಳಿಕೆಯ ಮೂಲಕ ತಿಳಿನೀರಿಗೆ ಹಾಯಿಸಿ. ಹಾಲಾದರೆ ತಿಳಿನೀರು ಸರಿ. ಬಾಯಿಂದ ಊದುವ ರೂಢಿಯೂ ಇದೆ, ಆದರೆ ಚಿಕ್ಕ ಮಕ್ಕಳು ಊದುವ ಬದಲು ಎಳೆದುಕೊಳ್ಳುತ್ತಾರೆ. ಸುಣ್ಣದ ನೀರು ಬಾಯಿ, ಗಂಟಲನ್ನು ಸುಡುತ್ತದೆ. ನಾನು ಊದಿಸುವುದನ್ನು ಬಿಟ್ಟಿದ್ದೇನೆ.

ತಿಳಿನೀರು ಕೆಟ್ಟಿದ್ದರೆ ಹೊಸದು ಮಾಡಿ. ಒಂದು ಲೀಟರ್ ನೀರಿಗೆ ಎರಡು ಚಮಚ ಅರಳಿದ ಸುಣ್ಣ ಹಾಕಿ ಚೆನ್ನಾಗಿ ಕುಲುಕಿ, ಮುಚ್ಚಿ, ರಾತ್ರಿಯಿಡೀ ಬಿಡಿ. ಬೆಳಗ್ಗೆ ಮೇಲಿನ ತಿಳಿಯನ್ನು ಕದಡದಂತೆ ಬಗ್ಗಿಸಿ ಸೋಸಿಕೊಳ್ಳಿ. ಶೀಶೆಯನ್ನು ಕತ್ತಿನವರೆಗೆ ತುಂಬಿ, ಬಿರಡೆ ಬಿಗಿಯಾಗಿ ಹಾಕಿ. ಹೆಚ್ಚು ಸುಣ್ಣ ಹಾಕಿದರೆ ಹೆಚ್ಚು ಗಟ್ಟಿಯಾಗುತ್ತದೆ ಎಂದು ಭಾವಿಸಬೇಡಿ. 20 ಡಿಗ್ರಿಯಲ್ಲಿ ಒಂದು ಲೀಟರಿನಲ್ಲಿ ಕರಗುವುದೇ ಸುಮಾರು 1.7 ಗ್ರಾಂ. ಸಕ್ಕರೆಗೆ ವ್ಯತಿರಿಕ್ತವಾಗಿ ಸುಣ್ಣ ಬಿಸಿ ನೀರಿನಲ್ಲಿ ಇನ್ನೂ ಕಡಿಮೆ ಕರಗುತ್ತದೆ. ಹಾಗಾಗಿ ನಮ್ಮ ಏಪ್ರಿಲ್ ತಿಂಗಳ ತಿಳಿನೀರು ಡಿಸೆಂಬರಿನದಕ್ಕಿಂತ ಪೇಲವ.

ಗುಳ್ಳೆಯೇ ಬರುತ್ತಿಲ್ಲ

ಅನಿಲ ಬೇರೆಲ್ಲೋ ಸೋರುತ್ತಿದೆ, ಇಲ್ಲವೇ ಹುಟ್ಟುತ್ತಲೇ ಇಲ್ಲ. ಸೋರಿಕೆ ಹುಡುಕುವುದು ಸುಲಭ, ಅದನ್ನೇ ಮೊದಲು ನೋಡಿ. ದೀಪ ಹಚ್ಚದೆ, ನಳಿಕೆಯ ತುದಿಯನ್ನು ಬರಿಯ ನೀರಿನಲ್ಲಿ ಅದ್ದಿ, ಪ್ರನಾಳವನ್ನು ಅಂಗೈಯಲ್ಲಿ ಬಿಗಿಯಾಗಿ ಹಿಡಿಯಿರಿ. ಅಂಗೈಯ ಶಾಖಕ್ಕೆ ಒಳಗಿನ ಗಾಳಿ ಹಿಗ್ಗಿ ಒಂದೆರಡು ಗುಳ್ಳೆ ಹೊರಡಬೇಕು ಎಂದು ನಮಗೆ ಕಲಿಸಿದ್ದರು. ಚಳಿಗಾಲದಲ್ಲಿ ಇದು ಸರಿ. ಬೇಸಿಗೆಯಲ್ಲಿ ನಮ್ಮ ಕೋಣೆಯೇ ಅಂಗೈಯಷ್ಟು ಬಿಸಿಯಿರುವುದರಿಂದ ಬಿರಡೆ ಭದ್ರವಾಗಿದ್ದರೂ ಒಂದು ಗುಳ್ಳೆಯೂ ಬರುವುದಿಲ್ಲ. ಸರಿಯಾಗಿದ್ದ ಎಷ್ಟು ಬಿರಡೆಗಳನ್ನು ನಾನು ಹೀಗೆ ಬಿಸಾಡಿದೆನೋ! ಬೇಸಿಗೆಯಲ್ಲಿ ತಿರುಗಾಮುರುಗಾ ಮಾಡಿ: ಪ್ರನಾಳಕ್ಕೆ ಒದ್ದೆ ಬಟ್ಟೆ ಸುತ್ತಿ. ಒಳಗಿನ ಗಾಳಿ ತಂಪಾಗಿ ಕುಗ್ಗುತ್ತದೆ, ನಳಿಕೆಯಲ್ಲಿ ನೀರು ಸ್ವಲ್ಪ ಮೇಲೇರಿ ಅಲ್ಲೇ ನಿಲ್ಲುತ್ತದೆ. ಏರಿದ ನೀರು ಜಾರಿ ಇಳಿದರೆ ಬಿರಡೆ ಸೋರುತ್ತಿದೆ. ಪರೀಕ್ಷೆ ಮುಗಿದ ಮೇಲೆ ಪ್ರನಾಳದ ಹೊರಮೈ ಒರೆಸಿ ಒಣಗಿಸಿ. ಒದ್ದೆ ಗಾಜನ್ನು ಉರಿಗೆ ಹಿಡಿದರೆ ಸೀಳುತ್ತದೆ.

ಸೋರಿಕೆ ಇಲ್ಲವೆಂದಾದರೆ ಉರಿ ನೋಡಿ. ಸೆಕೆಗೆ ಫ್ಯಾನ್ ಹಾಕಿರುತ್ತೇವೆ, ಉರಿ ಅತ್ತಿತ್ತ ಓಲಾಡುತ್ತದೆ, ಶಾಖ ಪ್ರನಾಳಕ್ಕೆ ತಾಗುವುದೇ ಇಲ್ಲ. ಹತ್ತು ನಿಮಿಷ ಫ್ಯಾನ್ ನಿಲ್ಲಿಸಿ. ಪ್ರನಾಳದ ತಳ ಬತ್ತಿಗೆ ತಾಗುವಂತೆ ಇಟ್ಟಿದ್ದರೆ ಎತ್ತಿ, ಉರಿಯ ಮೇಲ್ಭಾಗಕ್ಕೆ ತನ್ನಿ. ಇಷ್ಟಾದ ಮೇಲೂ ಏನೂ ಬಾರದಿದ್ದರೆ ಪುಡಿಯನ್ನೇ ವಿಚಾರಿಸಬೇಕು. ಅದನ್ನು ಮುಂದೆ ಹೇಳಿದ್ದೇನೆ.

ಕಾಯಿಸುವ ಮೊದಲೇ ತಿಳಿನೀರು ಕದಡಿದೆ

ಇದು ನಮ್ಮ ಕೊಳವೆಬಾವಿಗಳ ಕಾಣಿಕೆ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕರಗಿರುತ್ತದೆ. ಅದಕ್ಕೆ ಸುಣ್ಣ ಸೇರಿದ ಕೂಡಲೇ ಎರಡೂ ಕ್ಯಾಲ್ಸಿಯಂ ಕಾರ್ಬೊನೇಟಾಗಿ ಬೆಳ್ಳಗೆ ಕದಡುತ್ತವೆ. ತಿಳಿನೀರು ಸಾಲದೆಂದು ನಲ್ಲಿಯ ನೀರು ಬೆರೆಸಿದಾಗ, ಅಥವಾ ಅದೇ ನೀರಿನಲ್ಲಿ ತೊಳೆದ ಪ್ರನಾಳ ಒಣಗುವ ಮೊದಲೇ ತಿಳಿನೀರು ಸುರಿದಾಗ ಹೀಗಾಗುತ್ತದೆ. ಮಳೆನೀರು ಹಿಡಿದಿಟ್ಟಿದ್ದರೆ ಅದರಲ್ಲಿ ಮಾಡಿ, ಇಲ್ಲದಿದ್ದರೆ ಬ್ಯಾಟರಿಗೆ ಹಾಕುವ ಭಟ್ಟಿ ಇಳಿಸಿದ ನೀರು ಕೊಳ್ಳಿ. ಕೊಳ್ಳುವಾಗ ಹೆಸರನ್ನು ಸರಿಯಾಗಿ ಓದಿ: ಅದೇ ಅಂಗಡಿಯಲ್ಲಿ ಬ್ಯಾಟರಿ ಆಮ್ಲವೂ ಇರುತ್ತದೆ.

ಹಾಲಾಯಿತು, ಮತ್ತೆ ತಿಳಿಯಾಯಿತು

ಇದು ದೋಷವಲ್ಲ, ಅನಿಲ ಹೆಚ್ಚಾಗಿದೆ. 5 ಮಿಲಿ ಲೀಟರ್ ತಿಳಿನೀರಿನಲ್ಲಿ ಕರಗಿರುವ ಸುಣ್ಣ ಸುಮಾರು 8 ಮಿಲಿಗ್ರಾಂ. ಅದನ್ನೆಲ್ಲ ಹಾಲಾಗಿಸಲು ಸುಮಾರು ಎರಡೂವರೆ ಮಿಲಿ ಲೀಟರ್ ಕಾರ್ಬನ್ ಡೈಆಕ್ಸೈಡ್ ಸಾಕು. ಒಂದು ಗ್ರಾಂ ಹಸಿರು ಪುಡಿಯೋ 100 ಮಿಲಿ ಲೀಟರಿಗಿಂತ ಹೆಚ್ಚು ಕೊಡುತ್ತದೆ. ಮಿಕ್ಕ ಅನಿಲ ಬಿಳಿ ಕಾರ್ಬೊನೇಟನ್ನು ಮತ್ತೆ ಬೈಕಾರ್ಬೊನೇಟಾಗಿ ಕರಗಿಸಿಬಿಡುತ್ತದೆ. ಮಗು ಪುಸ್ತಕದಲ್ಲಿ ಬರೆದುಕೊಳ್ಳಲು ತಲೆ ತಗ್ಗಿಸಿ ಎತ್ತುವಷ್ಟರಲ್ಲಿ ಹಾಲು ಬಂದು ಹೋಗಿರುತ್ತದೆ. ‘ಹಾಲಾಗಲೇ ಇಲ್ಲ’ ಎಂದು ಬಂದ ದೂರುಗಳಲ್ಲಿ ಕೆಲವು ಹೀಗೆ ಹುಟ್ಟಿದವು.

ಖಚಿತಪಡಿಸಿಕೊಳ್ಳುವ ದಾರಿ ಚೆಲುವಾಗಿದೆ. ತಿಳಿಯಾದ ಆ ನೀರನ್ನು ಬೇರೆ ಪ್ರನಾಳದಲ್ಲಿ ಮೆಲ್ಲಗೆ ಕುದಿಸಿ, ಹಾಲು ಮರಳಿ ಬರುತ್ತದೆ. ಬೈಕಾರ್ಬೊನೇಟ್ ಕುದಿಯುವ ಶಾಖಕ್ಕೇ ಒಡೆಯುವಷ್ಟು ದುರ್ಬಲ. ಮನೆಯಲ್ಲಿ ನೀರು ಕಾಯಿಸುವ ಹಂಡೆಯ ಒಳಮೈಗೆ, ಹೀಟರಿನ ಸುರುಳಿಗೆ ಕಟ್ಟುವ ಬಿಳಿ ಹಕ್ಕಳೆ ಇದೇ ಕ್ರಿಯೆಯ ಫಲ. ಮುಂದಿನ ಸಲ ಕಡಲೆ ಕಾಳಿನಷ್ಟು ಪುಡಿ ಹಾಕಿ.

ಎಷ್ಟು ಕಾಯಿಸಿದರೂ ಬಿಳಿ ಪುಡಿ ಹಾಗೆಯೇ ಇದೆ

ಇಲ್ಲಿ ನಿಧಾನವಾಗಿ ಹೋಗಬೇಕು, ಏಕೆಂದರೆ ಬದಲಾಗದಿರುವುದೇ ಸರಿಯಾದ ಫಲಿತಾಂಶವೂ ಆಗಿರಬಹುದು.

ಮೊದಲ ಪ್ರಶ್ನೆ: ಇದು ಕಾರ್ಬೊನೇಟೇ ಹೌದೇ? ಚಿಟಿಕೆ ಪುಡಿಗೆ ನಿಂಬೆ ರಸ ಅಥವಾ ದುರ್ಬಲ ಆಮ್ಲ ಹಾಕಿ. ಬುರುಗು ಉಕ್ಕಿದರೆ ಕಾರ್ಬೊನೇಟ್ ಇದೆ. ಕಪ್ಪುಹಲಗೆಯ ಸೀಮೆಸುಣ್ಣ ಬಹಳ ಸಲ ಉಕ್ಕುವುದಿಲ್ಲ. ಹೆಸರಿನಲ್ಲಿ ಸುಣ್ಣವಿದ್ದರೂ ಅದು ಜಿಪ್ಸಂ, ಅಂದರೆ ಕ್ಯಾಲ್ಸಿಯಂ ಸಲ್ಫೇಟ್. ಕಾಯಿಸಿದರೆ ನೀರಿನ ಹನಿ ಬರುತ್ತದೆ, ಕಾರ್ಬನ್ ಡೈಆಕ್ಸೈಡ್ ಬರುವುದಿಲ್ಲ. ಸಂಡೂರಿನ ಕಡೆಯ ಮಕ್ಕಳು ಕೆಂಪು ಅದಿರಿನ ಪುಡಿ ತರುತ್ತಾರೆ. ಆ ಹೆಮಟೈಟ್ ಕಬ್ಬಿಣದ ಆಕ್ಸೈಡ್. ಬಿಟ್ಟುಕೊಡಲು ಅದರಲ್ಲಿ ಕಾರ್ಬನ್ ಡೈಆಕ್ಸೈಡೇ ಇಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡರ ಕಾರ್ಬೊನೇಟೂ ಕೂಡಿದ ಡಾಲಮೈಟ್ ಪುಡಿ ಮಾತ್ರ ನಿಂಬೆ ರಸಕ್ಕೆ ತಡವಾಗಿ, ಮಂದವಾಗಿ ಉಕ್ಕುತ್ತದೆ, ಅವಸರದಲ್ಲಿ ತಳ್ಳಿಹಾಕಬೇಡಿ.

ಎರಡನೆಯದು ಸೋಡಿಯಂ. ಶುದ್ಧ ಸೋಡಿಯಂ ಕಾರ್ಬೊನೇಟನ್ನು ಸ್ಪಿರಿಟ್ ದೀಪದ ಮೇಲೆ ಸಂಜೆಯವರೆಗೆ ಕಾಯಿಸಿದರೂ ತಿಳಿನೀರು ತಿಳಿಯಾಗಿಯೇ ಇರಬೇಕು. ಅದೇ ಉತ್ತರ, ಅದನ್ನೇ ಬರೆಯಿರಿ. ಸ್ವಲ್ಪ ಹಾಲಾಗಿ ನಿಂತರೆ ಅಡುಗೆ ಸೋಡಾ ಬೆರೆತಿದೆ. ಅದು ಸೋಡಿಯಂ ಬೈಕಾರ್ಬೊನೇಟ್. ಸುಲಭವಾಗಿ ಒಡೆದು ನೀರು, ಕಾರ್ಬನ್ ಡೈಆಕ್ಸೈಡ್ ಕೊಟ್ಟು ತಾನೇ ಸೋಡಿಯಂ ಕಾರ್ಬೊನೇಟಾಗುತ್ತದೆ. ಅದೇ ಪುಡಿಯನ್ನು ತಣಿಸಿ ಎರಡನೆಯ ಸಲ, ಹೊಸ ತಿಳಿನೀರಿಟ್ಟು ಕಾಯಿಸಿ. ಈ ಸಲ ಹಾಲಾಗದು. ಹರಳು ರೂಪದ ವಾಷಿಂಗ್ ಸೋಡಾ ಇನ್ನೊಂದು ರೀತಿಯಲ್ಲಿ ದಾರಿ ತಪ್ಪಿಸುತ್ತದೆ. ಅದರ ಪ್ರತಿ ಘಟಕದ ಜೊತೆ ಹತ್ತು ನೀರಿನ ಅಣುಗಳಿವೆ. ಸುಮಾರು 34 ಡಿಗ್ರಿಗೇ ಅದು ತನ್ನ ನೀರಿನಲ್ಲಿ ತಾನೇ ಕರಗುತ್ತದೆ. ರಾಯಚೂರಿನ ಮೇ ತಿಂಗಳಲ್ಲಿ ಡಬ್ಬಿಯೊಳಗೇ ತೇವಗೊಂಡು ಮುದ್ದೆಯಾಗಲು ಬೇರೆ ದೀಪ ಬೇಡ. ಕಾಯಿಸಿದಾಗ ಕುದಿದು ಆವಿ ಬರುವುದನ್ನು ಕಂಡು ‘ವಿಭಜನೆಯಾಯಿತು’ ಎಂದು ಬರೆಯುತ್ತಾರೆ. ಹೋದದ್ದು ನೀರು ಮಾತ್ರ.

ಮೂರನೆಯದು ಸುಣ್ಣದ ಕಲ್ಲು, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ನಮ್ಮ ಎರೆ ಹೊಲಗಳಲ್ಲಿ ಸಿಗುವ ಬೂದು ಬಿಳಿಯ ಸುಣ್ಣದ ಹರಳುಗಳಿಗೆ ನಿಂಬೆ ರಸ ಬಿದ್ದರೆ ಸೊರ್ರೆಂದು ಉಕ್ಕುತ್ತವೆ. ಆದರೂ ಪ್ರನಾಳದಲ್ಲಿ ಕಾಯಿಸಿದರೆ ಏನೂ ಆಗುವುದಿಲ್ಲ. ಕಾರಣ ಸರಳ: ಪ್ರನಾಳದ ಬೋರೋಸಿಲಿಕೇಟ್ ಗಾಜು ಸುಮಾರು 820 ಡಿಗ್ರಿಗೆ ಮೆತ್ತಗಾಗುತ್ತದೆ, ಕಲ್ಲಿಗೆ ಬೇಕಾದದ್ದು 900. ಕಲ್ಲು ಒಡೆಯುವ ಮೊದಲು ಪ್ರನಾಳ ಬಾಗುತ್ತದೆ. ಹೆಚ್ಚು ಹೊತ್ತು ಕಾಯಿಸಿ ಸಾಧಿಸುವ ವಿಷಯ ಇದಲ್ಲ.

ನಿಜವಾಗಿ ನೋಡಬೇಕೆಂದರೆ ಊರಿನ ಕಮ್ಮಾರರ ಕುಲುಮೆಗೆ ಹೋಗಬೇಕು. ತಿದಿಯ ಗಾಳಿಗೆ ಇದ್ದಿಲ ಕೆಂಡ ಕಿತ್ತಳೆ ಬಣ್ಣಕ್ಕೆ ಬೆಳಗುವಾಗ ಬೇಕಾದ ಶಾಖ ಸಿಗುತ್ತದೆ. ಚೆನ್ನಾಗಿ ಒಣಗಿದ, ಬಟಾಣಿ ಗಾತ್ರದ ಚೂರನ್ನು ಅರ್ಧ ಗಂಟೆಯಾದರೂ ಕೆಂಡದಲ್ಲಿ ಇಡಬೇಕು. ಹಸಿ ಕಲ್ಲು ಸಿಡಿಯುತ್ತದೆ. ಇದು ದೊಡ್ಡವರ ಕೈಯ ಕೆಲಸ, ಮಕ್ಕಳು ದೂರ ನಿಂತು ನೋಡಲಿ. ಪೂರ್ತಿ ತಣಿದ ಮೇಲೆ ಕಬ್ಬಿಣದ ತಟ್ಟೆಯಲ್ಲಿಟ್ಟು ಕೈಚಾಚಿ ಒಂದೆರಡು ಹನಿ ನೀರು ಬಿಡಿ. ಬುಸುಗುಟ್ಟಿ, ಬಿಸಿಯಾಗಿ, ಬಿರಿದು ಹಿಟ್ಟಿನಂತೆ ಅರಳಿದರೆ ಸುಟ್ಟ ಸುಣ್ಣ ತಯಾರಾಗಿದೆ. ಹೊರಗೆ ಅರಳಿ ನಡುವೆ ಗಟ್ಟಿ ಬೀಜ ಉಳಿದರೆ ಶಾಖ ಒಳಗಿನವರೆಗೆ ಹೋಗಿಲ್ಲ. ಇಲ್ಲಿ ಅರಿಶಿನದ ಪರೀಕ್ಷೆಯನ್ನು ನಂಬಬೇಡಿ: ಚೂರಿಗೆ ಅಂಟಿದ ಇದ್ದಿಲ ಬೂದಿಯೂ ಅರಿಶಿನವನ್ನು ಕೆಂಪಾಗಿಸುತ್ತದೆ. ಅರಳುವುದೊಂದೇ ಸಾಕ್ಷಿ. ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟಿನ ಕಲ್ಲುಗಳ ನಡುವಿನ, ಸುಟ್ಟ ಮಣ್ಣಿನ ಪುಡಿ ಬೆರೆತ ಸುರ್ಕಿ ಗಾರೆಗೂ ಇಂಥ ಸುಣ್ಣವೇ ಬೇಕಾಗಿತ್ತು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಊದುಕುಲುಮೆಗೆ ಸುಣ್ಣದ ಕಲ್ಲು ಹೋಗುವುದೂ ಇದಕ್ಕೇ: ಅದು ಒಳಗೆ ಒಡೆದು, ಉಳಿದ ಕ್ಯಾಲ್ಸಿಯಂ ಆಕ್ಸೈಡ್ ಅದಿರಿನ ಮರಳಂಶವನ್ನು ಹಿಡಿದು ಕಿಟ್ಟವಾಗಿಸುತ್ತದೆ.

ಇನ್ನೊಂದು ಮಾತು. ಕೆಂಡದ ನಡುವೆ ಗಾಳಿ ಹರಿಯುತ್ತಿರಬೇಕು. ಮುಚ್ಚಿದ ಪಾತ್ರೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಹೊರಹೋಗದೆ ಒತ್ತಡ ಏರಿದರೆ ಆಕ್ಸೈಡ್ ಅದನ್ನು ಮತ್ತೆ ಹೀರಿಕೊಳ್ಳುತ್ತದೆ, ಕ್ರಿಯೆ ಅರ್ಧಕ್ಕೇ ನಿಲ್ಲುತ್ತದೆ. ಮುಚ್ಚಿ ಕಾಯಿಸುವುದು ಅಪಾಯವೂ ಹೌದು, ವ್ಯರ್ಥವೂ ಹೌದು.

ಬಣ್ಣ ಬಂದು ಹೋಯಿತು

ಸತುವಿನ ಕಾರ್ಬೊನೇಟ್ ಕಾಯಿಸಿದಾಗ ಹಳದಿಯಾಗಿ, ತಣಿದಾಗ ಬಿಳಿಯಾದರೆ ಕ್ರಿಯೆ ಹಿಮ್ಮುಖವಾಯಿತೆಂದು ತಿಳಿಯಬೇಡಿ. ಸತುವಿನ ಆಕ್ಸೈಡ್ ಬಿಸಿಯಲ್ಲಿ ಹಳದಿ, ತಂಪಿನಲ್ಲಿ ಬಿಳಿ. ತಣಿದ ಪುಡಿಗೆ ದುರ್ಬಲ ಆಮ್ಲ ಹಾಕಿ. ಬುರುಗು ಬಾರದಿದ್ದರೆ ಕಾರ್ಬೊನೇಟ್ ಮುಗಿದಿದೆ. ತಾಮ್ರದ್ದು ಕಪ್ಪಾಗಿ ಕಪ್ಪಾಗಿಯೇ ಉಳಿಯಬೇಕು. ನಡುವೆ ಹಸಿರು ಕಾಣುತ್ತಿದ್ದರೆ ಪ್ರನಾಳವನ್ನು ತಿರುಗಿಸುತ್ತ ಇನ್ನಷ್ಟು ಕಾಯಿಸಿ. ಸೀಸದ ಕಾರ್ಬೊನೇಟ್ ಬಣ್ಣ ಬದಲಾಗುವುದು ಚೆಂದವೇ, ಆದರೆ ಸೀಸ ವಿಷ, ಮಕ್ಕಳ ಮೆದುಳಿಗೆ ಹಾನಿ. ಶಾಲೆಯಲ್ಲಿ ಅದನ್ನು ಮಾಡಬೇಡಿ. ಹಳೆಯ ಕಪಾಟಿನಲ್ಲಿ ಸಿಕ್ಕಿದರೆ ತೆರೆಯದೆ, ಬಚ್ಚಲಿಗೆ ಸುರಿಯದೆ, ಬೀಗದಲ್ಲಿಟ್ಟು ಮೇಲಿನವರಿಗೆ ತಿಳಿಸಿ.

ನೀರಿನ ಹನಿಗಳು ಕಂಡಿವೆ, ತೂಕದ ಲೆಕ್ಕ ಹೊಂದುತ್ತಿಲ್ಲ

ಇವೆರಡೂ ಒಂದೇ ರೋಗದ ಲಕ್ಷಣಗಳು. ಅಂಗಡಿಯಿಂದ ಬರುವ ‘ತಾಮ್ರದ ಕಾರ್ಬೊನೇಟ್’ ಶುದ್ಧ ಕಾರ್ಬೊನೇಟಲ್ಲ. ಅದರಲ್ಲಿ ಕಾರ್ಬೊನೇಟ್ ಮತ್ತು ಹೈಡ್ರಾಕ್ಸೈಡ್ ಸಮಸಮವಾಗಿ ಕೂಡಿವೆ. ಹೈಡ್ರಾಕ್ಸೈಡ್ ಭಾಗ ನೀರು ಬಿಡುತ್ತದೆ. ಪುಸ್ತಕದ ಸಮೀಕರಣದಂತೆ ಲೆಕ್ಕ ಹಾಕಿದರೆ ಶೇಕಡ 35.6 ತೂಕ ಕಳೆಯಬೇಕು. ಮಗು ತೂಗಿ ಶೇಕಡ 28 ಎಂದು ತಂದರೆ ನಾವು ಕೆಂಪು ಗೆರೆ ಎಳೆಯುತ್ತೇವೆ. ಮಗುವೇ ಸರಿ. ಈ ಕೂಡು ವಸ್ತುವಿನ 221 ಗ್ರಾಮಿನಲ್ಲಿ 159 ಗ್ರಾಂ ಕಪ್ಪು ಆಕ್ಸೈಡ್ ಉಳಿದು, 44 ಗ್ರಾಂ ಕಾರ್ಬನ್ ಡೈಆಕ್ಸೈಡ್, 18 ಗ್ರಾಂ ನೀರು ಹೋಗುತ್ತದೆ. ಅದು ಶೇಕಡ 28. ನಾನೂ ಹಲವು ವರ್ಷ ಇಂಥ ಸರಿಯುತ್ತರಗಳನ್ನು ತಪ್ಪೆಂದು ತಿದ್ದಿದ್ದೇನೆ, ಆ ಮಕ್ಕಳನ್ನು ನೆನೆದರೆ ಈಗಲೂ ನೋವಾಗುತ್ತದೆ. ಮೆಗ್ನೀಸಿಯಂ, ಸತುವಿನ ಕಾರ್ಬೊನೇಟುಗಳೂ ಅಂಗಡಿಯಲ್ಲಿ ಹೆಚ್ಚಾಗಿ ಹೀಗೆ ಹೈಡ್ರಾಕ್ಸೈಡ್ ಕೂಡಿಕೊಂಡೇ ಬರುತ್ತವೆ. 1750ರ ದಶಕದಲ್ಲಿ ಸ್ಕಾಟ್ಲೆಂಡಿನ ವಿಜ್ಞಾನಿ ಜೋಸೆಫ್ ಬ್ಲ್ಯಾಕ್ ಕಾರ್ಬನ್ ಡೈಆಕ್ಸೈಡನ್ನು ಗುರುತಿಸಿದ್ದು ಅಂಥದೇ ಮೆಗ್ನೀಸಿಯಂ ಪುಡಿಯನ್ನು ಕಾಯಿಸಿ, ಕಳೆದ ತೂಕ ಎಲ್ಲಿ ಹೋಯಿತೆಂದು ಪಟ್ಟು ಹಿಡಿದು ಹುಡುಕಿದಾಗ.

ತೂಕ ಶೇಕಡ 28ಕ್ಕಿಂತ ಕಡಿಮೆ ಕಳೆದಿದ್ದರೆ ಇನ್ನೊಮ್ಮೆ ಕಾಯಿಸಿ, ತಣಿಸಿ, ತೂಗಿ. ಸತತ ಎರಡು ತೂಕ ಒಂದೇ ಬರುವವರೆಗೆ. ತುಂಬ ಹೆಚ್ಚು ಕಳೆದಿದ್ದರೆ ಪುಡಿ ಹಾರಿಹೋಗಿದೆ. ಒಳಗಿನಿಂದ ಅನಿಲ ನುಗ್ಗುವಾಗ ನುಣುಪು ಪುಡಿ ನೀರಿನಂತೆ ತುಳುಕಾಡುತ್ತದೆ. ಉರಿಯನ್ನು ಆಗಾಗ ಸರಿಸಿ ಮೆಲ್ಲಗೆ ಕಾಯಿಸಿದರೆ ಅದು ಅಡಗುತ್ತದೆ. ಹನಿಗಳು ಬಿಸಿ ತಳಕ್ಕೆ ಹರಿದು ಗಾಜು ಸೀಳದಂತೆ ಪ್ರನಾಳದ ಬಾಯಿ ತುಸು ಕೆಳಕ್ಕೆ ಬಾಗಿರಲಿ.

ಇಲ್ಲಿ ನಿಲ್ಲಿಸಿ

ತಿಳಿನೀರು ನಳಿಕೆಯಲ್ಲಿ ಮೇಲೇರುತ್ತಿದ್ದರೆ ಪ್ರನಾಳ ತಣಿಯುತ್ತಿದೆ ಎಂದರ್ಥ. ಆ ನೀರು ಬಿಸಿ ತಳ ಮುಟ್ಟಿದರೆ ಗಾಜು ಸಿಡಿಯುತ್ತದೆ. ತಕ್ಷಣ ನಳಿಕೆಯನ್ನು ತಿಳಿನೀರಿನಿಂದ ಹೊರತೆಗೆಯಿರಿ. ಯಾವಾಗಲೂ ನಳಿಕೆ ಮೊದಲು, ದೀಪ ಆಮೇಲೆ. ನಾನು ಇದನ್ನು ಪ್ರತಿ ತರಗತಿಯಲ್ಲೂ ಮಕ್ಕಳಿಂದ ಗಟ್ಟಿಯಾಗಿ ಹೇಳಿಸುತ್ತೇನೆ.

ಗುಳ್ಳೆ ಇದ್ದಕ್ಕಿದ್ದಂತೆ ನಿಂತು ಬಿರಡೆ ಮೇಲೇಳತೊಡಗಿದರೆ ನಳಿಕೆಯಲ್ಲಿ ಪುಡಿ ಸಿಕ್ಕಿಕೊಂಡಿದೆ. ಇಲ್ಲಿ ಮಾತ್ರ ಮೊದಲು ದೀಪ ಸರಿಸಿ, ಎಲ್ಲರನ್ನೂ ದೂರ ಕಳಿಸಿ, ತಣಿಯುವವರೆಗೆ ಮುಟ್ಟಬೇಡಿ. ಗಾಜಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಆ ಪ್ರನಾಳದ ಕೆಲಸ ಮುಗಿಯಿತು.

ಸುಟ್ಟ ಸುಣ್ಣವಾಗಲಿ, ಸುಣ್ಣದ ನೀರಾಗಲಿ ಕಣ್ಣಿಗೆ ಬಿದ್ದರೆ ಉಜ್ಜಲು ಬಿಡಬೇಡಿ. ರೆಪ್ಪೆ ಬಿಡಿಸಿ, ಸುಣ್ಣದ ಚೂರುಗಳಿದ್ದರೆ ಅವೆಲ್ಲ ಹೋಗುವಂತೆ, ಹರಿಯುವ ನೀರಿನಲ್ಲಿ ಕನಿಷ್ಠ 20 ನಿಮಿಷ ತೊಳೆಯಿರಿ, ಆಮೇಲೆ ನೋವಿರಲಿ ಇಲ್ಲದಿರಲಿ ಆಸ್ಪತ್ರೆಗೆ ಕರೆದೊಯ್ಯಿರಿ. ನಿಂಬೆ ರಸ ಹಾಕಿ ಸುಣ್ಣದ ಖಾರ ಇಳಿಸುತ್ತೇವೆ ಎಂದು ಯಾರಾದರೂ ಬಂದರೆ ತಡೆಯಿರಿ. ಬಿಸಿ ತಾಗಿ ಆದ ಸುಟ್ಟ ಗಾಯಕ್ಕೂ ಮೊದಲು ತಣ್ಣೀರು, ನಂತರ ವೈದ್ಯರು.

ತೊಳೆದರೂ ಪ್ರನಾಳದ ಬಿಳಿ ಹೋಗುತ್ತಿಲ್ಲ

ತಿಳಿನೀರಿದ್ದ ಪ್ರನಾಳಕ್ಕೆ ಅಂಟಿದ ಬಿಳಿ ಪೊರೆ ಕ್ಯಾಲ್ಸಿಯಂ ಕಾರ್ಬೊನೇಟ್. ನೀರಿಗೆ, ಸಾಬೂನಿಗೆ ಅದು ಬಗ್ಗುವುದಿಲ್ಲ. ಹಾಗೆಯೇ ಬಿಟ್ಟರೆ ಮುಂದಿನ ತಂಡದವರು ‘ಮೊದಲೇ ಕದಡಿದೆ’ ಎಂದು ನಿಮ್ಮ ಬಳಿ ಬರುತ್ತಾರೆ. ಒಂದು ಚಮಚ ವಿನೆಗರ್ ಹಾಕಿ ಅಲುಗಾಡಿಸಿ; ಸಣ್ಣ ಗುಳ್ಳೆಗಳೆದ್ದು ಗಾಜು ತಿಳಿಯಾಗುತ್ತದೆ. ಎರಡು ಸಲ ಭಟ್ಟಿ ಇಳಿಸಿದ ನೀರಿನಲ್ಲಿ ತೊಳೆದು, ಬೋರಲಾಗಿಸಿ ಒಣಗಲು ಬಿಡಿ.